ಸೋಸಿದ ನೀರಿನ ಲೆಕ್ಕ: ಬೀದರಿನ ಸುರಂಗದಿಂದ ಆಮೆಯ ತೊಟ್ಟಿಯವರೆಗೆ

ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಆಮೆಗೆ ಮೂರು ಹೆಸರು. ಕನ್ನಡದ ಮನೆಯಲ್ಲಿ ಅದು ಆಮಿ, ಮರಾಠಿ ಮನೆಯಲ್ಲಿ ಕಾಸವ, ಉರ್ದು ಮನೆಯಲ್ಲಿ ಕಛುವಾ. ಹೆಸರು ಯಾವುದೇ ಇರಲಿ, ಗಾಜಿನ ತೊಟ್ಟಿಯಲ್ಲಿ ಆಮೆ ಸಾಕಿದವರ ದೂರು ಮಾತ್ರ ಒಂದೇ: ನೀರು ಮೂರು ದಿನಕ್ಕೆ ಮಬ್ಬಾಗುತ್ತದೆ, ಐದನೆಯ ದಿನಕ್ಕೆ ನಾರುತ್ತದೆ. ಅಂಗಡಿಯಿಂದ ಒಂದು ಫಿಲ್ಟರ್ ತಂದು ಹಾಕಿದರೂ ದೂರು ಪೂರ್ತಿ ಹೋಗುವುದಿಲ್ಲ. ಏಕೆಂದರೆ ನೀರು ಸೋಸುವುದೆಂದರೆ ಕಸ ಹಿಡಿಯುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಸೋಸುವುದೆಂದರೆ ಏನು ಎಂಬುದು ಮನುಷ್ಯನಿಗೆ ಪೂರ್ತಿ ಗೊತ್ತಾಗಲು 19ನೆಯ ಶತಮಾನ ಮುಗಿಯುತ್ತ ಬರಬೇಕಾಯಿತು. ಆದರೆ ಗೊತ್ತಾಗುವ ಮೊದಲೇ ಆ ಕೆಲಸವನ್ನು ಚೆನ್ನಾಗಿ ಮಾಡಿಕೊಂಡ ಊರುಗಳಿದ್ದವು. ಬೀದರ ಅವುಗಳಲ್ಲೊಂದು.

ಬೀದರ ನಗರ ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದ ಕೆಂಪು ಕಲ್ಲಿನ ದಿಣ್ಣೆಯ ಮೇಲೆ. ನಾವು ಜಂಬಿಟ್ಟಿಗೆ ಎನ್ನುವ ಕಲ್ಲು ಅದು. ಭೂವಿಜ್ಞಾನದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು 1807ರಲ್ಲಿ. ಮಲಬಾರಿನ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದಲೇ ಆ ಹೆಸರನ್ನು ಕೊಟ್ಟ. ಬೀದರಿನಲ್ಲಿ ಈ ಕಲ್ಲಿನ ಹೊದಿಕೆ ಕೆಲವೆಡೆ 30 ಮೀಟರಿನಷ್ಟು ದಪ್ಪವಿದೆ. ಅದರ ಕೆಳಗೆ ಜೇಡಿ, ಜೇಡಿಯ ಕೆಳಗೆ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ. ಜಂಬಿಟ್ಟಿಗೆಯ ಮೈತುಂಬ ತೂತು. ಮೇಲೆ ಬಿದ್ದ ಮಳೆ ತೂತುಗಳ ಮೂಲಕ ನಿಧಾನವಾಗಿ ಇಳಿದು, ಜೇಡಿಯ ಪದರ ಸಿಕ್ಕಿದಾಗ ನಿಂತು, ಅಡ್ಡಡ್ಡ ಹರಿದು, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವುದೂ, ಗುರುನಾನಕ ಝೀರಾದಲ್ಲಿ ಸಿಖ್ಖರು ಅಮೃತವೆಂದು ತುಂಬಿಕೊಂಡು ಹೋಗುವುದೂ, ಪಾಪನಾಶದ ಕೊಳದಲ್ಲಿ ಜನ ಮೀಯುವುದೂ ಈ ಒಂದೇ ಕಲ್ಲಿನ ಕೊಡುಗೆ. ಧರ್ಮ ಬೇರೆ ಬೇರೆ, ಜರಡಿ ಒಂದೇ.

15ನೆಯ ಶತಮಾನದ ಮೂರನೆಯ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಗಾಳಿ ಚೆನ್ನಾಗಿತ್ತು, ಕೋಟೆಗೆ ಎತ್ತರ ಸಿಕ್ಕಿತು. ಆದರೆ ದಿಣ್ಣೆಯ ಮೇಲೆ ಹೊಳೆಯಿಲ್ಲ. ಮಾಂಜರಾ ನದಿ ದೂರದ ತಗ್ಗಿನಲ್ಲಿ. ರಾಜಧಾನಿಯ ಜನಕ್ಕೆ, ಕುದುರೆಗೆ, ತೋಟಕ್ಕೆ ನೀರು ಬೇಕು. ಅಹಮದ್ ಶಾಹನಿಗೆ ಇರಾನಿನ ಸಂಬಂಧ ಗಟ್ಟಿಯಾಗಿತ್ತು. ಕಿರ್ಮಾನ್ ಸೀಮೆಯ ಸೂಫಿ ಸಂತ ಶಾಹ ನಿಅಮತುಲ್ಲಾನ ಮೇಲೆ ಅವನಿಗೆ ಭಕ್ತಿ. ಸಂತನ ಮೊಮ್ಮಗ ಮೊದಲು ಬಂದ, 1431ರಲ್ಲಿ ಸಂತ ತೀರಿಕೊಂಡ ಮೇಲೆ ಮಗ ಖಲೀಲುಲ್ಲಾನೂ ಬಂದ. ಅವನ ಗೋರಿ ಚೌಖಂಡಿ ಇಂದಿಗೂ ಅಷ್ಟೂರಿನ ದಾರಿಯಲ್ಲಿ ನಿಂತಿದೆ. ಕಿರ್ಮಾನ್ ಮರಳುಗಾಡಿನ ಅಂಚು. ಅಲ್ಲಿ ಊರು ಬದುಕುವುದು ಕನಾತ್ ಎಂಬ ನೆಲದಡಿಯ ಕಾಲುವೆಯಿಂದ. ಬೆಟ್ಟದ ಬುಡದಲ್ಲಿ ಒಂದು ತಾಯಿಬಾವಿ, ಅಲ್ಲಿಂದ ಊರಿನವರೆಗೆ ತುಸುವೇ ಇಳಿಜಾರಾದ ಸುರಂಗ, ಸುರಂಗದುದ್ದಕ್ಕೂ ಗಾಳಿಗೂ ಮಣ್ಣೆತ್ತಲೂ ನೇರ ಬಾವಿಗಳ ಸಾಲು. ಪಂಪಿಲ್ಲ, ಏತವಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಇದೇ ವಿದ್ಯೆ ಬೀದರಿನಲ್ಲಿ ಕರೇಜ್ ಆಯಿತು. ಜನರ ಬಾಯಲ್ಲಿ ಸುರಂಗ ಬಾವಿ.

ಬೀದರಿನ ಸುತ್ತ ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಮೂರು ಕರೇಜ್‌ಗಳನ್ನು ಗುರುತಿಸಿದ್ದಾರೆ. ನೌಬಾದಿನದು ಸುಮಾರು 3 ಕಿ.ಮೀ. ಉದ್ದ, ಅದರ ಮೇಲೆ 20ಕ್ಕೂ ಹೆಚ್ಚು ಬಾವಿಗಂಡಿಗಳು. ಇರಾನಿನಲ್ಲಿ ಕನಾತ್ ಹಾಯುವುದು ಹೆಚ್ಚಾಗಿ ಬೆಟ್ಟದಡಿಯ ಮೆಕ್ಕಲು ಮಣ್ಣಿನಲ್ಲಿ. ಇಲ್ಲಿ ಹಾಯುವುದು ಜಂಬಿಟ್ಟಿಗೆಯಲ್ಲಿ. ನೆಲದೊಳಗೆ ಇರುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದ ಕೈಗಳಿಗೆ ಈ ಸುರಂಗ ಹೊಸದೇನಲ್ಲ.

ಇದೇ ಕಲ್ಲು ಕನ್ನಡ ನಾಡಿನ ಇನ್ನೊಂದು ತುದಿಯಲ್ಲೂ ಇದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲದ ಸುರಂಗಗಳನ್ನು ರೈತರು ತಾವೇ ಕೊರೆದಿದ್ದಾರೆ. ಅಲ್ಲಿ ಹೆಚ್ಚಿನವಕ್ಕೆ ಗಾಳಿಬಾವಿಗಳಿಲ್ಲ. ಗುಡ್ಡದ ಹೊಟ್ಟೆಗೆ ನೇರ ಹೋಗಿ ನೀರು ಸಿಕ್ಕಲ್ಲಿ ನಿಲ್ಲುತ್ತವೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಂದರ ಮೇಲೊಂದು ಸುರಂಗ ನೀರಿಲ್ಲದೆ ಹೋದರೂ ಬಿಡದೆ ಕೊರೆದು ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೀದರಿನದು ಸುಲ್ತಾನನ ಖಜಾನೆಯ ಕೆಲಸ, ಕರಾವಳಿಯದು ಒಂದು ಕುಟುಂಬದ ಬೆವರು. ನೀರು ಸೋಸುವ ಉಪಾಯ ಎರಡರಲ್ಲೂ ಒಂದೇ: ಕಲ್ಲಿಗೆ ಸಮಯ ಕೊಡು, ಕತ್ತಲೆ ಕೊಡು, ನೀರನ್ನು ನಿಲ್ಲಿಸಬೇಡ.

ಈ ಮೂರು ಮಾತನ್ನು ನೆನಪಿಟ್ಟುಕೊಳ್ಳೋಣ. ಆಮೆಯ ತೊಟ್ಟಿಗೆ ಇವೇ ಬೇಕು.

ತೊಟ್ಟಿಗೆ ಮೊದಲು ಬಾವಿಯ ಮಾತು. ನಮ್ಮ ಹಳ್ಳಿಗಳಲ್ಲಿ ತೆರೆದ ಬಾವಿಗೆ ಆಮೆಯನ್ನೋ ಮೀನನ್ನೋ ಬಿಡುವ ರೂಢಿಯಿತ್ತು. ಬಿದ್ದ ಹುಳ, ಸೊಳ್ಳೆಯ ಮರಿ, ಕೊಳೆತ ಎಲೆ ಅದರ ಪಾಲು. ಆಮೆ ಇದ್ದ ಬಾವಿಯ ನೀರು ಒಳ್ಳೆಯದು ಎಂಬ ನಂಬಿಕೆ. ಹಾಗಾದರೆ ಬಾವಿಯಲ್ಲಿ ನೀರು ಕಾಯುವ ಪ್ರಾಣಿ ಗಾಜಿನ ತೊಟ್ಟಿಯಲ್ಲಿ ನೀರು ಕೆಡಿಸುವುದೇಕೆ? ಲೆಕ್ಕ ಸರಳ. 5 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 59,000 ಲೀಟರ್. ಮೂರು ಅಡಿಯ ಗಾಜಿನ ತೊಟ್ಟಿಯಲ್ಲಿ ಹಿಡಿಯುವುದು 100 ಲೀಟರ್ ಆಸುಪಾಸು. ಅದೇ ಆಮೆ, ಅದೇ ಉಚ್ಚೆ ಹೇಲು, 590ರಲ್ಲಿ ಒಂದು ಪಾಲು ನೀರು. ಜೊತೆಗೆ ಬಾವಿಯ ಗೋಡೆ, ಕೆಸರು, ಒರತೆ ಎಲ್ಲವೂ ಸೇರಿ ಸೋಸುತ್ತವೆ. ಗಾಜು ಏನನ್ನೂ ಸೋಸುವುದಿಲ್ಲ.

ಮನುಷ್ಯ ತಾನೇ ಕೈಯಾರೆ ನೀರು ಸೋಸಿದ್ದು ಮೊದಲು ಬಟ್ಟೆಯಲ್ಲಿ. ಜೈನರ ಮನೆಗಳಲ್ಲಿ ಇದು ಅಹಿಂಸೆಯ ಆಚರಣೆ: ಕಣ್ಣಿಗೆ ಕಾಣದ ಜೀವ ಹೊಟ್ಟೆ ಸೇರಬಾರದು. ಆ ಬಟ್ಟೆಯ ಶಕ್ತಿ ಎಷ್ಟೆಂದು ಅಳೆದದ್ದು ಬಾಂಗ್ಲಾದೇಶದಲ್ಲಿ. ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 65 ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಸೋಸಿದ ನೀರಿನಿಂದ ಕಾಲರಾ ಶೇ 48ರಷ್ಟು ತಗ್ಗಿತ್ತು. ಬಟ್ಟೆ ಬ್ಯಾಕ್ಟೀರಿಯಾವನ್ನು ಹಿಡಿಯಲಾರದು. ಬ್ಯಾಕ್ಟೀರಿಯಾ ಅಂಟಿಕೊಂಡಿದ್ದ ಸಣ್ಣ ಜಲಜೀವಿಗಳನ್ನು ಹಿಡಿಯಿತು. ಆಮೇಲೆ ಬಂದದ್ದು ಮಡಿಕೆ ಸೋಸು: ಒಂದರ ಮೇಲೊಂದು ಮಣ್ಣಿನ ಗಡಿಗೆ, ಒಂದರಲ್ಲಿ ಇದ್ದಿಲು, ಒಂದರಲ್ಲಿ ಮರಳು, ಕೆಳಗಿನದರಲ್ಲಿ ತಿಳಿನೀರು. ಇಂದಿನ ಫಿಲ್ಟರ್ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಸ್ಪಂಜು, ಹರಳು, ಇದ್ದಿಲು ಇದೇ ರೀತಿ ಪದರ ಪದರವಾಗಿ ಕೂತಿರುತ್ತವೆ.

ಯುರೋಪಿನಲ್ಲಿ ಊರಿಗೇ ನೀರು ಸೋಸುವ ಕೆಲಸ 1804ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಶುರುವಾಯಿತು. ಬಟ್ಟೆ ಬಿಳಿ ಮಾಡುವ ಕಾರ್ಖಾನೆಯ ಜಾನ್ ಗಿಬ್ ತನ್ನ ಕೆಲಸಕ್ಕೆಂದು ಸೋಸಿದ ನೀರಿನಲ್ಲಿ ಮಿಕ್ಕದ್ದನ್ನು ಊರಿಗೆ ಮಾರಿದ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಮರಳಿನ ಹಾಸು ಕಟ್ಟಿದ. ನೀರು ಗಂಟೆಗೆ 10ರಿಂದ 20 ಸೆಂ.ಮೀ. ಮಾತ್ರ ಇಳಿಯುವಷ್ಟು ನಿಧಾನ. ಅದು ಹೇಗೆ ಕೆಲಸ ಮಾಡುತ್ತದೆಂದು ಕಟ್ಟಿದವರಿಗೇ ಗೊತ್ತಿರಲಿಲ್ಲ. ಮರಳು ಕಸ ಹಿಡಿಯುತ್ತದೆ ಎಂದುಕೊಂಡಿದ್ದರು. 1892ರಲ್ಲಿ ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಂದು 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಗೋಡೆ ತಾಗಿದಂತಿದ್ದ ಆಲ್ಟೋನಾ ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳೆ ಸೇರಿದ ಮೇಲಿನ ನೀರನ್ನು ಕುಡಿಯುತ್ತಿತ್ತು. ಆದರೆ ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. ಅಲ್ಲಿ ರೋಗ ಅಷ್ಟಾಗಿ ಹಬ್ಬಲಿಲ್ಲ. ಮರಳಿನ ಮೇಲ್ಮೈಯಲ್ಲಿ ಬೆಳೆಯುವ ಜಿಗಟು ಪದರದ ಜೀವಿಗಳೇ ಹೆಚ್ಚಿನ ಕೆಲಸ ಮಾಡುತ್ತಿದ್ದವು. ಹೊಸ ಮರಳು ಚೆನ್ನಾಗಿ ಸೋಸುವುದಿಲ್ಲ. ಪಳಗಿದ ಮರಳು ಸೋಸುತ್ತದೆ.

ಆಮೆಯ ತೊಟ್ಟಿಗೆ ಇನ್ನೂ ಹತ್ತಿರದ ಪ್ರಯೋಗ ನಡೆದದ್ದು 1877ರಲ್ಲಿ, ಫ್ರಾನ್ಸಿನಲ್ಲಿ. ಶ್ಲೋಸಿಂಗ್ ಮತ್ತು ಮ್ಯುಂಟ್ಜ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಉದ್ದದ ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲ ದಿನಗಳಲ್ಲಿ ಹಾಕಿದ ಅಮೋನಿಯಾ ಹಾಗೇ ಕೆಳಗೆ ಬಂತು. ಸುಮಾರು 20 ದಿನವಾದ ಮೇಲೆ ಕೆಳಗೆ ನೈಟ್ರೇಟ್ ಕಾಣಿಸಿತು. ಬರಬರುತ್ತ ಅಮೋನಿಯಾ ಮಾಯವಾಯಿತು. ಆಗ ಅವರು ಕೊಳವೆಯೊಳಗೆ ಕ್ಲೋರೋಫಾರ್ಮ್ ಆವಿ ಬಿಟ್ಟರು. ಕೆಲಸ ನಿಂತುಹೋಯಿತು. ಕಲ್ಲು ಮರಳಿಗೆ ಅರಿವಳಿಕೆ ತಗಲುವುದಿಲ್ಲ, ತಗಲುವುದು ಜೀವಕ್ಕೆ. ಆವಿ ತೆಗೆದು ಒಂದಿಷ್ಟು ಮಣ್ಣು ತೊಳೆದ ನೀರು ಹಾಕಿದರೆ ಮತ್ತೆ ಶುರು. 1890ರ ಹೊತ್ತಿಗೆ ವಿನೊಗ್ರಾದ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಅಮೋನಿಯಾ ಮೊದಲು ನೈಟ್ರೈಟ್, ನೈಟ್ರೈಟ್ ಆಮೇಲೆ ನೈಟ್ರೇಟ್.

ಗಾಜಿನ ತೊಟ್ಟಿಯ ಚರಿತ್ರೆಯೂ ಇದರ ಪಕ್ಕದಲ್ಲೇ ನಡೆಯುತ್ತಿತ್ತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಲಂಡನ್ನಿನಲ್ಲಿ ಮೀನು, ನೀರಗಿಡ, ಬಸವನಹುಳು ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು ಅವು ಒಂದನ್ನೊಂದು ಬದುಕಿಸುವುದನ್ನು ತೋರಿಸಿದ. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅಕ್ವೇರಿಯಂ ಕಟ್ಟಿದ ವಿಲಿಯಂ ಆಲ್ಫರ್ಡ್ ಲಾಯ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ಹೊಂಡವೊಂದನ್ನು ನೆಲದಡಿ ಕತ್ತಲಲ್ಲಿಟ್ಟು, ನೀರನ್ನು ಹಗಲೂ ರಾತ್ರಿ ಮೇಲಕ್ಕೂ ಕೆಳಕ್ಕೂ ತಿರುಗಿಸಿದ. ಬೆಳಕಿಲ್ಲದಲ್ಲಿ ಪಾಚಿ ಬೆಳೆಯದು, ಹರಿಯುವ ನೀರಿಗೆ ಗಾಳಿ ಸೇರುತ್ತದೆ. ನೌಬಾದಿನ ಸುರಂಗಕ್ಕೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ತೊಟ್ಟಿಗೆ ಬರೋಣ. ಮೊದಲ ಮಾತು ಕಾನೂನಿನದು. ನಮ್ಮ ಕೆರೆ ಹೊಳೆಗಳ ಆಮೆಯನ್ನು, ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪೇಟೆಯಲ್ಲಿ ಸಿಗುವುದು ಅಮೆರಿಕ ಮೂಲದ ಕೆಂಪುಕಿವಿ ಆಮೆ. ಕೊಳ್ಳುವಾಗ ನಾಣ್ಯದಷ್ಟಿದ್ದದ್ದು ಬೆಳೆದು 20ರಿಂದ 25 ಸೆಂ.ಮೀ. ಆಗುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಆಗ ಅದಕ್ಕೆ 300ರಿಂದ 400 ಲೀಟರ್ ನೀರು ಬೇಕು. ಸಾಕಲಾರದೆ ಪಾಪನಾಶಕ್ಕೋ ಕಾರಂಜಾಕ್ಕೋ ಬಿಟ್ಟರೆ ಅದು ನಮ್ಮ ಆಮೆಗಳ ಊಟ ಜಾಗ ಎರಡನ್ನೂ ಕಸಿಯುತ್ತದೆ. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಆಮೆಯ ಮೈಯಿಂದ ಸಾಲ್ಮೊನೆಲ್ಲಾ ಸೋಂಕು ಮಕ್ಕಳಿಗೆ ತಗಲುತ್ತದೆಂದು ಅಮೆರಿಕವೇ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು.

ಇಷ್ಟು ತಿಳಿದೂ ಮನೆಯಲ್ಲಿ ಆಮೆ ಇದ್ದರೆ, ಫಿಲ್ಟರ್ ಹೀಗಿರಲಿ. ಆಮೆ ಮೀನಿಗಿಂತ ಹೆಚ್ಚು ಹೊಲಸು ಮಾಡುವುದರಿಂದ, ತೊಟ್ಟಿಯಲ್ಲಿರುವ ನೀರಿನ ಎರಡು ಮೂರು ಪಟ್ಟು ಅಳತೆಗೆಂದು ಹೇಳಿದ ಫಿಲ್ಟರ್ ಬೇಕು. ಪೇಟೆಯದು ದುಬಾರಿಯಾದರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಿಕೊಳ್ಳಬಹುದು. ತೊಟ್ಟಿಯಿಂದ ಪಂಪು ಎತ್ತಿದ ನೀರು ಡ್ರಮ್ಮಿನಲ್ಲಿ ಮೊದಲು ಒರಟು ಸ್ಪಂಜನ್ನು, ಆಮೇಲೆ ನಯ ಸ್ಪಂಜನ್ನು ದಾಟಲಿ. ಕಸ ಅಲ್ಲೇ ನಿಲ್ಲುತ್ತದೆ. ನಂತರ ತೂತು ತೂತಾದ ಸೆರಾಮಿಕ್ ಉಂಗುರ, ಇಲ್ಲವೇ ತೊಳೆದ ಇಟ್ಟಿಗೆ ಚೂರು. ಬ್ಯಾಕ್ಟೀರಿಯಾ ಮನೆ ಮಾಡುವುದು ಅಲ್ಲಿ. ವಾಸನೆ, ಬಣ್ಣ ತೆಗೆಯಲು ಕೊನೆಗೆ ಇದ್ದಿಲು ಹಾಕಬಹುದು, ತಿಂಗಳಿಗೊಮ್ಮೆ ಬದಲಿಸಬೇಕು. ಡ್ರಮ್ಮಿನ ಮೇಲಂಚಿನಿಂದ ನೀರು ತಾನೇ ತುಂಬಿ ತೊಟ್ಟಿಗೆ ಬೀಳಲಿ. ಬೀಳುವ ನೀರಿಗೆ ಗಾಳಿ ಸೇರುತ್ತದೆ. ಕರೆಂಟು ಹೋಗುವ ಊರಿನಲ್ಲಿ ಮುಚ್ಚಿದ ಡಬ್ಬಿಗಿಂತ ತೆರೆದ ಡ್ರಮ್ಮು ವಾಸಿ. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಕೆಲವೇ ತಾಸಿನಲ್ಲಿ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ.

ಫಿಲ್ಟರ್ ಪಳಗಲು 4ರಿಂದ 6 ವಾರ ಬೇಕು. ಶ್ಲೋಸಿಂಗನ ಕೊಳವೆಯ 20 ದಿನ ನೆನಪಿರಲಿ. ಅಷ್ಟು ದಿನ ನೀರನ್ನು ಪದೇ ಪದೇ ಬದಲಿಸಿ ಆಮೆಯನ್ನು ಕಾಪಾಡಬೇಕು. ಸ್ಪಂಜು ಕೊಳೆಯಾದರೆ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುವುದು ನಾವು ಮಾಡುವ ದೊಡ್ಡ ತಪ್ಪು. ನಲ್ಲಿ ನೀರಿನ ಕ್ಲೋರಿನ್ ಆ ಕ್ಲೋರೋಫಾರ್ಮಿನ ಕೆಲಸವನ್ನೇ ಮಾಡುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಬೇಕು. ಹೊಸ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹಾರಿಹೋಗುತ್ತದೆ.

ಇಲ್ಲಿ ಊರಿಂದೂರಿಗೆ ನೀರಿನ ಗುಣ ಬೇರೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಾದ ಒಂದು ಮಿಲಿಗ್ರಾಂ ಸಾರಜನಕಕ್ಕೆ ನೀರಿನಲ್ಲಿರುವ ಸುಮಾರು 7 ಮಿಲಿಗ್ರಾಂ ಸುಣ್ಣದಂಶ ಖರ್ಚಾಗುತ್ತದೆ. ಜಂಬಿಟ್ಟಿಗೆಯಲ್ಲಿ ಸುಣ್ಣ ತೊಳೆದುಹೋಗಿರುತ್ತದೆ. ಬೀದರ ದಿಣ್ಣೆಯ ಬಾವಿ, ಝರಿಗಳ ನೀರು ಮೆತ್ತಗೆ. ಅಂಥ ನೀರಿನ ತೊಟ್ಟಿಯಲ್ಲಿ ಕೆಲವು ತಿಂಗಳಿಗೆ ಹುಳಿ ಏರಿ ಬ್ಯಾಕ್ಟೀರಿಯಾ ಮಂಕಾಗುತ್ತವೆ. ಭಾಲ್ಕಿ, ಔರಾದಿನ ಎರೆಭೂಮಿಯದು ಇದಕ್ಕೆ ತಿರುಗುಮುರುಗು. ಅಲ್ಲಿನ ಮಣ್ಣಿನಲ್ಲಿ ಸುಣ್ಣದ ಹರಳುಗಳಿವೆ, ಬಸಾಲ್ಟಿನ ಬೋರ್‌ವೆಲ್ ನೀರು ಗಡಸು, ಪಾತ್ರೆಗೆ ಬಿಳಿ ಕಟ್ಟುತ್ತದೆ. ಅದು ಬ್ಯಾಕ್ಟೀರಿಯಾಗೆ ಹಬ್ಬ. ಆದರೆ ಗಡಸು, ಕ್ಷಾರದ ನೀರಿನಲ್ಲಿ ಅಮೋನಿಯಾದ ವಿಷ ಹೆಚ್ಚು: 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪ ಶೇ 0.6ರಷ್ಟು, ಪಿಎಚ್ 8 ಇದ್ದರೆ ಶೇ 5ಕ್ಕೂ ಮೇಲೆ. ಆದ್ದರಿಂದ ಬೀದರಿನ ಮೆತ್ತನೆಯ ನೀರಿನವರು ಫಿಲ್ಟರಿನಲ್ಲಿ ಒಂದು ಹಿಡಿ ಸುಣ್ಣಕಲ್ಲಿನ ಚೂರನ್ನು ಚೀಲದಲ್ಲಿ ಕಟ್ಟಿ ಇಡಬೇಕು. ಭಾಲ್ಕಿ ಔರಾದಿನವರು ಫಿಲ್ಟರ್ ಪಳಗುವ ಮೊದಲು ಆಮೆಗೆ ಹೆಚ್ಚು ತಿನ್ನಿಸಬಾರದು. ಶ್ಲೋಸಿಂಗ್ ಮರಳಿಗೆ ಸುಣ್ಣಕಲ್ಲು ಬೆರೆಸಿದ್ದೂ ಸುಮ್ಮನೆ ಅಲ್ಲ.

ಇಷ್ಟಾದ ಮೇಲೂ ಒಂದು ಉಳಿಯುತ್ತದೆ, ನೈಟ್ರೇಟ್. ಇದನ್ನು ಸ್ಪಂಜು ಹಿಡಿಯುವುದಿಲ್ಲ, ಇಟ್ಟಿಗೆ ಚೂರು ಹಿಡಿಯುವುದಿಲ್ಲ, ಇದ್ದಿಲೂ ಹಿಡಿಯುವುದಿಲ್ಲ. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ನೈಟ್ರೇಟ್ ಮಾತ್ರ ದಿನದಿನ ಏರುತ್ತದೆ. ಅದಕ್ಕಿರುವ ಮದ್ದು ಒಂದೇ: ವಾರಕ್ಕೆ ಕಾಲು ಭಾಗ ನೀರು ತೆಗೆದು ಹೊಸದು ತುಂಬುವುದು. ತೆಗೆದ ನೀರು ಗಿಡಕ್ಕೆ ಗೊಬ್ಬರ. ಫಿಲ್ಟರ್ ಕೊಳೆಯನ್ನು ಇಲ್ಲವಾಗಿಸುವುದಿಲ್ಲ, ಅದರ ರೂಪ ಬದಲಿಸುತ್ತದೆ. ಮಿಕ್ಕದ್ದನ್ನು ಯಾರಾದರೂ ಎತ್ತಿ ಹಾಕಲೇಬೇಕು.

ಬೀದರಿನ ದಿಣ್ಣೆಗೂ ಇದೇ ನಿಯಮ. ನೌಬಾದ್ ಒಂದು ಕಾಲಕ್ಕೆ ಹಳ್ಳಿ, ಈಗ ಬಡಾವಣೆ. ಸುರಂಗದ ಮೇಲೆ ಮನೆ, ಮನೆಗೊಂದು ಶೌಚದ ಗುಂಡಿ. ಗುಂಡಿಯಿಂದ ಇಂಗಿದ್ದನ್ನು ಆರುನೂರು ವರ್ಷದ ಅಭ್ಯಾಸದಂತೆ ಕಲ್ಲು ಸೋಸುತ್ತದೆ. ಕಸ ನಿಲ್ಲುತ್ತದೆ, ಅಮೋನಿಯಾ ಬದಲಾಗುತ್ತದೆ. ನೈಟ್ರೇಟ್ ನೀರಿನ ಜೊತೆ ಕೆಳಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬಾವಿ ನೀರಿನ ನೈಟ್ರೇಟಿನಿಂದ ಹಸುಗೂಸುಗಳ ಮೈ ನೀಲಿಗಟ್ಟುವುದನ್ನು ಅಮೆರಿಕದ ಅಯೋವಾದಲ್ಲಿ ವೈದ್ಯ ಕಾಮ್ಲಿ 1945ರಲ್ಲೇ ಬರೆದಿಟ್ಟಿದ್ದ. ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲ ಕುಡಿಯುವ ನೀರಲ್ಲ.

ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಈ ಸುರಂಗಗಳ ಜಾಡನ್ನು ನಕ್ಷೆಗೆ ತಂದ ಮೇಲೆ, ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿಯವರ ಕಾಲದಲ್ಲಿ ನೌಬಾದ್ ಕರೇಜಿನ ಹೂಳೆತ್ತುವ ಕೆಲಸ ನಡೆಯಿತು. ಅದೇ ಬರಗಾಲದಲ್ಲಿ, 2016ರ ಏಪ್ರಿಲ್‌ನಲ್ಲಿ, ಮಾಂಜರಾದ ಮೇಲ್ದಂಡೆಯ ಲಾತೂರಿಗೆ ರೈಲಿನಲ್ಲಿ ನೀರು ಬರುತ್ತಿತ್ತು. ಇಂದು ಬೀದರ ಕುಡಿಯುವುದು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ನೀರು. ಮಳೆ ಕೈಕೊಟ್ಟ ವರ್ಷ ಆ ಜಲಾಶಯದ ತಳ ಕಾಣುತ್ತದೆ. ದಿಣ್ಣೆಯೊಳಗಿನ ನೀರು ಅಂಥ ವರ್ಷಗಳಿಗೆಂದೇ ಇದ್ದ ಇಡುಗಂಟು.

ಹೂಳೆತ್ತುವುದು ಸ್ಪಂಜು ಹಿಂಡಿದಂತೆ. ಬೇಕಾದ ಕೆಲಸ, ಆದರೆ ಅರ್ಧ ಕೆಲಸ. ತಾಯಿಬಾವಿಯ ಸುತ್ತಲಿನ ನೆಲಕ್ಕೆ ಮಳೆ ಇಂಗಲು ಬಯಲು ಬಿಡುವುದು, ಗಂಡಿಗಳಿಗೆ ಕಸ ಸುರಿಯದಂತೆ ಕಾಯುವುದು, ಶೌಚದ ನೀರನ್ನು ಒಳಚರಂಡಿಯಲ್ಲಿ ದಿಣ್ಣೆಯಿಂದಾಚೆ ಒಯ್ಯುವುದು, ಸುತ್ತ ಬೋರ್‌ವೆಲ್ ಕೊರೆದು ಸುರಂಗಕ್ಕಿಂತ ಕೆಳಗೆ ನೀರು ಇಳಿಯದಂತೆ ನೋಡಿಕೊಳ್ಳುವುದು ಉಳಿದರ್ಧ. ಬಹಮನಿಗಳ ಕಾಲದ ಕಲ್ಲು ಇಂದಿಗೂ ಸೋಸುತ್ತಿದೆ. ಅದರ ಮೇಲೆ ನಾವು ಏನು ಸುರಿಯುತ್ತೇವೆ ಎಂಬ ಲೆಕ್ಕವನ್ನು ಕಲ್ಲು ಇಡುವುದಿಲ್ಲ, ನಾವೇ ಇಡಬೇಕು.